ಡೈ ಬೇಡ ಎಂದವರು

ಮೈಯೊಳಗೆ ಬಿಸಿ ಏರುತ್ತದೆ ಎನ್ನುವುದನ್ನು ನಾನು ಭಾವನಿಗೆ ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ.

ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡುವಾಗ ಕೈಯ ನರಕ್ಕೆ ಡೈ ಬಿಡುತ್ತಾರಲ್ಲ, ಅದನ್ನು ಹಾಕಿಸಿಕೊಂಡವರಿಗೆ ಗೊತ್ತು. ಮೊದಲು ಗಂಟಲು ಬೆಚ್ಚಗಾಗುತ್ತದೆ, ಆಮೇಲೆ ಎದೆ. ನೋಡನೋಡುತ್ತಿದ್ದಂತೆ ಆ ಬಿಸಿ ಸರ್ರನೆ ಕೆಳಗಿಳಿದು ಕಿಬ್ಬೊಟ್ಟೆಯ ಕೆಳಗೆ ಬಂದು ನಿಲ್ಲುತ್ತದೆ. ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡುಬಿಟ್ಟೆ ಎಂದು ಅನ್ನಿಸುತ್ತದೆ. ಹೊಯ್ದುಕೊಂಡಿರುವುದಿಲ್ಲ. ಆದರೆ ಎದ್ದು ಕೂತು ಕೈಯಿಂದ ಮುಟ್ಟಿ ನೋಡಿಕೊಂಡರೂ ನಂಬಿಕೆ ಬರುವುದಿಲ್ಲ. ಭಾವನ ಸ್ಕ್ಯಾನಿನ ದಿನ ಅಲ್ಲಿನ ಹುಡುಗಿ "ಒಂಚೂರು ಬಿಸಿ ಆಗುತ್ತೆ ಸರ್" ಎಂದಷ್ಟೇ ಹೇಳಿ ಗಾಜಿನ ಆಚೆ ಹೋದಳು. ಎಲ್ಲಿ ಬಿಸಿಯಾಗುತ್ತದೆ ಎಂದು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಭಾವ ಹೊರಗೆ ಬಂದಾಗ ಟವೆಲನ್ನು ಮುಂದಕ್ಕೆ ಹಿಡಿದುಕೊಂಡಿದ್ದರು. ನನ್ನ ಪಕ್ಕದಲ್ಲಿ ಕೂರದೆ ಗೋಡೆಗೆ ಒರಗಿ ನಿಂತರು.

"ಆ ಉಡ್ಗಿ ನೋಡ್ಬುಟ್ಲೋ ಏನೋ ಕಣವ್ವ," ಎಂದರು, ತುಟಿ ಅಲ್ಲಾಡಿಸದೆ.

"ಏನನ್ನ ಭಾವ?"

"ಏನೂ ಇಲ್ಲ ಬುಡು."

ಕಾರಿನ ಸೀಟಿನ ಮೇಲೆ ಟವೆಲ್ ಹಾಸಿಕೊಂಡು ಕೂತರು. ಬಿಳಿಕೆರೆ ದಾಟುವ ತನಕ ನಾನು ಕಿಟಕಿಯ ಕಡೆಗೇ ತಿರುಗಿದ್ದೆ. ಆಮೇಲೆ, "ಅದು ಎಲ್ಲರಿಗೂ ಹಾಗೇ ಅನ್ನಿಸುತ್ತೆ ಭಾವ, ಔಷಧಿದು," ಎಂದೆ.

"ಮೊದ್ಲೇ ಯೋಳ್ಬಾರ್ದಾಗಿತ್ತಾ?"

"ಮರೆತೆ."

ಮರೆತಿರಲಿಲ್ಲ. ಎಷ್ಟೋ ವಿಷಯಗಳಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ, ಆದರೆ ಇದರಲ್ಲಿ ನಂಬುತ್ತೇನೆ.

ಕಾಯಿಲೆ ಮನುಷ್ಯರನ್ನು ಮಾಗಿಸುತ್ತದೆ ಎಂದು ಕಾಯಿಲೆಯಿಂದ ಎದ್ದವರು ಬರೆದಿದ್ದನ್ನು ಓದಿದ್ದೇನೆ. ಎಲ್ಲರನ್ನೂ ಕ್ಷಮಿಸಿ ಹಗುರಾದೆ ಎನ್ನುತ್ತಾರೆ. ಆಸ್ಪತ್ರೆಯ ಮಂಚದ ಮೇಲೆ ನಾನೂ ಆ ಹಗುರ ಬರಲಿ ಎಂದು ಕಾದೆ, ಬರಲಿಲ್ಲ. ನನ್ನನ್ನು ಎಬ್ಬಿಸಿ ಓಡಾಡಿಸಿದ್ದು ಸಿಟ್ಟು. ಹೀಗೆ ಎದ್ದು ಓಡಾಡುವ ಇನ್ನೊಬ್ಬರು ಎಲ್ಲಾದರೂ ಇದ್ದರೆ, ನಿಮ್ಮೊಬ್ಬರಿಗೇ ಹೀಗಲ್ಲ ಎಂದು ಅವರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಹುಣಸೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಒಬ್ಬರೇ ಹೇಳಿದ್ದನ್ನು ಹಾಗೇ ಒಪ್ಪಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಇಲ್ಲಿ ಹೇಳುತ್ತಿರುವ ಆ ಒಬ್ಬಳು ನಾನೇ. ದಿನಚರಿ ಬರೆಯುವ ಅಭ್ಯಾಸ ಇದೆ ನಿಜ, ಆದರೆ ನೋವು ಜೋರಾಗಿದ್ದ ತಿಂಗಳುಗಳಲ್ಲಿ ಪೆನ್ನನ್ನೇ ಮುಟ್ಟಲಿಲ್ಲ. ಹಾಗಾಗಿ ಖಾತ್ರಿ ಇಲ್ಲದ ಕಡೆ ಇಲ್ಲ ಎಂದು ಹೇಳಿಬಿಡುತ್ತೇನೆ.

ನನ್ನ ತವರು ಕೆ.ಆರ್. ನಗರದ ಕಡೆ, ಕಾಲುವೆ ನೀರಿನ ಗದ್ದೆ ಬಯಲು. ಮದುವೆಯಾಗಿ ಬಂದದ್ದು ವೀರನಹೊಸಹಳ್ಳಿ ರಸ್ತೆಯ ಒಂದು ಹಳ್ಳಿಗೆ. ಇಲ್ಲಿ ಹೊಗೆಸೊಪ್ಪು. ಸೊಪ್ಪು ಮುರಿಯುವ ಕಾಲ ಬಂದರೆ ಮನೆಯವರೆಲ್ಲ ಹೊಲದಲ್ಲಿ, ಇಲ್ಲವೇ ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ. ಕಾಲೇಜಿನ ಸೊಸೆಗೂ ವಿನಾಯಿತಿ ಇಲ್ಲ. ಮಳೆನೀರು ಕುಡಿದ ಹಸಿ ಸೊಪ್ಪನ್ನು ಬೆಳಗಿನ ಹೊತ್ತು ಕಂಕುಳಲ್ಲಿ ಅವುಚಿಕೊಂಡು ಮುರಿಯುತ್ತಾ ಹೋದರೆ ಅದರ ರಸ ಮೈಗೆ ಇಳಿಯುತ್ತದೆ. ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಅದಕ್ಕೆ ಇಲ್ಲಿನವರು ಸೊಪ್ಪು ಹತ್ತಿದೆ ಎನ್ನುತ್ತಾರೆ. ಮಜ್ಜಿಗೆ ಕುಡಿದು ಮಲಗಿದರೆ ಮಾರನೆಯ ದಿನಕ್ಕೆ ಸರಿಹೋಗುತ್ತದೆ. ಇಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಒಂದಲ್ಲ ಒಂದು ಸಲ ಹತ್ತಿರುತ್ತದೆ, ಆದ್ದರಿಂದ ಅದಕ್ಕೆ ಯಾರೂ ಹೆದರುವುದಿಲ್ಲ.

ನನಗೆ ಹೊಟ್ಟೆನೋವು, ವಾಂತಿ ಶುರುವಾದದ್ದು ಸೊಪ್ಪು ಮುರಿಯುವ ಕಾಲದಲ್ಲೇ. ಇದೇ ನನ್ನ ದುರದೃಷ್ಟ. ಬೇಸಿಗೆಯಲ್ಲಿ ಶುರುವಾಗಿದ್ದರೆ ಯಾರಾದರೂ ಗಾಬರಿಯಾಗುತ್ತಿದ್ದರೋ ಏನೋ.

"ಸೊಪ್ಪು ಅತ್ತದೆ ಬುಡು," ಎಂದರು ಭಾವ. ನನ್ನ ಗಂಡ ಮಹೇಶನ ಅಣ್ಣ ಇವರು. ಜಮೀನು, ಬ್ಯಾರನ್, ಮನೆ ಎಲ್ಲದರ ಯಜಮಾನಿಕೆ ಇವರದು. ಹುಣಸೂರಿನಲ್ಲಿ ನಾನು ತೋರಿಸಿಕೊಂಡ ಡಾಕ್ಟರ ಮೊದಲ ಪ್ರಶ್ನೆಯೂ ಅದೇ: "ಸೊಪ್ಪು ಮುರಿಯೋಕೆ ಹೋಗಿದ್ರಾ?" ಹೌದೆಂದೆ. ಗ್ಯಾಸ್ಟ್ರಿಕ್ ಮಾತ್ರೆ ಬರೆದರು. ನಾನು ಹೊಲಕ್ಕೆ ಹೋಗುವುದನ್ನು ಬಿಟ್ಟೆ, ನೋವು ಬಿಡಲಿಲ್ಲ. ಊಟವಾದ ಮೇಲೆ ಹೊಕ್ಕುಳದ ಬಲಗಡೆ ಯಾರೋ ಹಗ್ಗ ಹೊಸೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಮೈ ಇಳಿದು ರವಿಕೆಗಳನ್ನು ಒಂದೊಂದಾಗಿ ಹಿಡಿಸಿಕೊಂಡೆ. ಕೊನೆಗೆ ಮೈಸೂರಿನ ಒಬ್ಬ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಡೈ ಇಲ್ಲದೆ ಒಂದ್ಸಲ, ಡೈ ಹಾಕಿ ಒಂದ್ಸಲ, ಎರಡೂ ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ," ಎಂದರು.

ಸ್ಕ್ಯಾನಿಗೆ ಹೋಗಬೇಕಾದ ದಿನ ಬ್ಯಾರನ್ ಒಳಗೆ ಸೊಪ್ಪು ಬೇಯುತ್ತಿತ್ತು. ಹೊತ್ತಿಸಿದ ಬೆಂಕಿ ಬಿಟ್ಟು ಬರುವ ಹಾಗಿಲ್ಲ. ಮಹೇಶ ಬೆಂಕಿಯ ಮುಂದೆ ಉಳಿದ. ಭಾವ ಮತ್ತು ಅವರ ಹೆಂಡತಿ ಜಯಕ್ಕ ನನ್ನನ್ನು ಕರೆದುಕೊಂಡು ಹೋದರು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಕೈಗೆ ಪಟ್ಟಿ ಕಟ್ಟಿ, ಹಿಂದೆ ಲಾಡಿ ಇರುವ ಹಸಿರು ನಿಲುವಂಗಿ ತೊಡಿಸಿ ಕೂರಿಸಿದರು. ಕೌಂಟರಿನವನು ನನ್ನ ಹೆಸರು ಕೂಗಿದ. ಎದ್ದೆ. ಅವನು ನನ್ನನ್ನು ದಾಟಿ ಹಿಂದೆ ನೋಡಿದ.

"ಪೇಷಂಟ್ ಕಡೆಯವರು ಯಾರು?"

"ನಾನೇ ಕಣಪ್ಪ," ಎಂದು ಭಾವ ಮುಂದೆ ಹೋದರು.

"ಡೈ ಹಾಕಬೇಕು ಅಂತ ಬರೆದಿದ್ದಾರೆ. ಅಲರ್ಜಿ ಏನಾದ್ರೂ ಇದೆಯಾ? ಕಿಡ್ನಿ ತೊಂದರೆ?"

"ಡೈ ಗಿಯ್ ಏನೂ ಬ್ಯಾಡಿ. ಕೋಟೆ ಆಸ್ಪತ್ರೇಲಿ ನಮ್ ಸೋದ್ರಮಾವಂಗೆ ಅದ್ನ ಆಕ್ಬುಟ್ಟು ಕಿಡ್ನಿನೇ ಓಯ್ತು. ಅಂಗೇ ಒಂದ್ ಫೋಟೋ ತೆಗ್ದು ಕಳ್ಸಿ."

"ಡಾಕ್ಟ್ರು ಎರಡೂ ಬರೆದಿದ್ದಾರೆ ಸರ್."

"ಡಾಕ್ಟ್ರು ಬರೀತಾರೆ. ನಾಳೆ ಎಚ್ಚುಕಮ್ಮಿ ಆದ್ರೆ ನೀನ್ ಬಂದೀಯಾ?"

ಅವನು ಹೆಗಲು ಕುಣಿಸಿ ಏನೋ ಟೈಪ್ ಮಾಡಿದ. ಭಾವ ರುಜು ಹಾಕಿದರು. ನಾನು "ಭಾವ, ಹಾಕಿಸಿಬಿಡೋಣ" ಎಂದೆ ಎಂದು ನನ್ನ ನೆನಪು. ನೀನು ಬಾಯೇ ಬಿಡಲಿಲ್ಲ ಎಂದು ಜಯಕ್ಕ ಹೇಳುತ್ತಾಳೆ. ಅವಳು ಹೇಳುವುದೇ ಸರಿ ಇರಬಹುದು. ಆದರೆ ಹೊಟ್ಟೆ ನನ್ನದು, ಪಟ್ಟಿ ನನ್ನ ಕೈಯಲ್ಲಿತ್ತು, ಇಬ್ಬರು ಗಂಡಸರ ನಡುವೆ ನಾನು ನಿಂತೇ ಇದ್ದೆ. ಭಾವ ಡೈ ಬೇಡ ಎಂದದ್ದನ್ನು ಮಾತ್ರ ಜಯಕ್ಕನೂ ಕೇಳಿದ್ದಾಳೆ. ಅದು ನನ್ನೊಬ್ಬಳ ನೆನಪಲ್ಲ.

ಡೈ ಇಲ್ಲದ ಸ್ಕ್ಯಾನ್ ಟೀ ಕುಡಿಯುವಷ್ಟರಲ್ಲಿ ಮುಗಿಯಿತು. ಕಲ್ಲಿಲ್ಲ, ಊತವಿಲ್ಲ, ಕಾಣುವಂಥದ್ದು ಏನೂ ಇಲ್ಲ ಎಂದರು. ಏನೂ ಇಲ್ಲ ಎಂದ ಮೇಲೆ ಸ್ಕ್ಯಾನ್ ಬರೆದ ಡಾಕ್ಟರ ಹತ್ತಿರ ಮತ್ತೆ ಹೋಗುವ ಮಾತು ಬರಲಿಲ್ಲ. ಬರುವಾಗ ಇಲವಾಲದಲ್ಲಿ ಕಾರು ನಿಲ್ಲಿಸಿ ಭಾವ ನನಗೆ ಎಳನೀರು ಕೊಡಿಸಿದರು. "ನೋಡ್ದಾ, ಏನೂ ಇಲ್ಲ. ಸುಮ್ನೆ ಎದ್ರಿಕೊಂಡಿದ್ದೆ," ಎಂದು ನಕ್ಕರು. ಅವರಿಗೆ ನಿಜಕ್ಕೂ ಖುಷಿಯಾಗಿತ್ತು. ಕೋಟೆಯ ಮಾವನ ವಿಷಯದಲ್ಲಿ ಅವರ ಭಯವೂ ನಿಜವಾದದ್ದೇ. ಅದನ್ನು ಬರೆಯದಿದ್ದರೆ ನಾನು ಸುಳ್ಳಿಯಾಗುತ್ತೇನೆ.

ಬ್ಯಾರನ್ ಪಕ್ಕದ ಶೀಟಿನ ಚಪ್ಪರದಲ್ಲಿ ಊರಿನ ಹೆಂಗಸರು ಸಾಲಾಗಿ ಕೂತು ಉದ್ದನೆಯ ಕಡ್ಡಿಗಳಿಗೆ ಸೊಪ್ಪು ಕಟ್ಟುತ್ತಾರೆ. ಊರಿನ ಎಲ್ಲರ ವಿಷಯವೂ ಅಲ್ಲಿ ತೀರ್ಮಾನವಾಗುತ್ತದೆ. ಸ್ಕ್ಯಾನಾದ ಮೇಲೆ ಒಂದು ದಿನ ಅವರಿಗೆ ಟೀ ಕ್ಯಾನ್ ಹಿಡಿದು ಹೋಗುತ್ತಿದ್ದೆ. ಗೋಡೆಯ ಈಚೆಗಿದ್ದಾಗ ಆಚೆಯಿಂದ ಮಾತು ಕೇಳಿಸಿತು.

"ಸ್ಕ್ಯಾನಲ್ಲಿ ಏನೂ ಇಲ್ವಂತೆ. ಓದ್ದೋಳಿಗೆ ಸೊಪ್ಪು ಮುಟ್ಟಕ್ಕೆ ಅಸಯ್ಯ. ಅದ್ಕೇ ಒಟ್ಟೆ ನೋವು."

ಎಲ್ಲರೂ ನಕ್ಕರು. ಮುಖ ಕಾಣಲಿಲ್ಲ. ದನಿ ಭಾವನದು. ಟೀ ಕ್ಯಾನನ್ನು ಅಲ್ಲೇ ಗೋಡೆಯ ಬುಡದಲ್ಲಿಟ್ಟು ವಾಪಸ್ ಬಂದೆ. ಅಂದಿನಿಂದ ನನಗೆ ನೋವು ಬಂದರೆ ಮನೆಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ನನಗೇ ಅನುಮಾನ ಶುರುವಾಯಿತು. ಓದಿದವರಿಗೆ ಇರುವ ಒಂದು ಕಾಯಿಲೆ ಇದು, ಎಲ್ಲದಕ್ಕೂ ತನ್ನನ್ನೇ ಪ್ರಶ್ನಿಸಿಕೊಳ್ಳುವುದು. ನಿಜವಾಗಿಯೂ ಸೊಪ್ಪಿನ ಅಂಟು ಕಂಡರೆ ನನಗೆ ಹೇಸಿಗೆ ಇತ್ತು. ಹಾಗಾದರೆ ಈ ನೋವನ್ನು ನಾನೇ ಮಾಡಿಕೊಳ್ಳುತ್ತಿರಬಹುದೇ? ವಾಂತಿ ಮಾಡಿ ಎದ್ದು, ಕನ್ನಡಿಯ ಮುಂದೆ ನಿಂತು, ನಾಟಕ ಮಾಡುತ್ತಿದ್ದೇನೆಯೇ ಎಂದು ನನ್ನ ಮುಖವನ್ನೇ ಪರೀಕ್ಷಿಸಿದ್ದೇನೆ. ಆ ತಿಂಗಳುಗಳಿಗಾಗಿ ನಾನು ಯಾರನ್ನೂ ಕ್ಷಮಿಸುವುದಿಲ್ಲ.

ಕೊನೆಗೆ ಅಡುಗೆಮನೆಯಲ್ಲಿ ಬಿದ್ದೆ. ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡಿತ್ತು, ನೀರು ಕುಡಿದರೂ ಹೊರಗೆ ಬರುತ್ತಿತ್ತು. ಮಹೇಶ ಯಾರನ್ನೂ ಕೇಳದೆ ಕಾರು ತೆಗೆದ. ಮೈಸೂರಿನಲ್ಲಿ ಅಡ್ಮಿಟ್ ಮಾಡಿಕೊಂಡು, ಮೂಗಿನಲ್ಲಿ ನಳಿಗೆ ಹಾಕಿ ಹೊಟ್ಟೆ ಸಡಿಲ ಮಾಡಿದರು. ಮಾರನೆಯ ದಿನ ಸ್ಕ್ಯಾನ್. "ಪೇಷಂಟ್ ಕಡೆಯವರು..." ಎಂದು ಅಲ್ಲಿನವನು ಶುರು ಮಾಡುವುದರೊಳಗೆ ಕೈ ಎತ್ತಿದೆ. "ಪೇಷಂಟೇ ಇಲ್ಲಿದ್ದೀನಿ. ನನ್ನನ್ನ ಕೇಳಿ. ಡೈ ಹಾಕಿ."

ಅದಕ್ಕೆ ಮೊದಲು ಒಂದು ದೊಡ್ಡ ಬಾಟಲಿಯಲ್ಲಿ ಔಷಧಿ ಬೆರೆಸಿದ ನೀರು ಕೊಟ್ಟು, ನಿಧಾನವಾಗಿ ಕುಡಿದು ಮುಗಿಸಬೇಕು ಎಂದರು. ಒಂದೊಂದು ಗುಟುಕೂ ಒಳಗೆ ನಿಲ್ಲುತ್ತದೋ ಇಲ್ಲವೋ ಎಂಬ ಭಯ. ಪಕ್ಕದ ಕುರ್ಚಿಯಲ್ಲಿ ಬೈಲಕುಪ್ಪೆಯ ಒಬ್ಬ ವಯಸ್ಸಾದ ಬೌದ್ಧ ಸನ್ಯಾಸಿ ಅದೇ ಬಾಟಲಿ ಹಿಡಿದು ಕೂತಿದ್ದರು. ಒಂದು ಗುಟುಕು ಕುಡಿದು ಮುಖ ಹಿಂಡಿ ನನ್ನ ಕಡೆ ನೋಡಿದರು.

"ಕುಡೀರಿ ಮೇಡಂ. ನಮ್ಮ ಮಠದ ಸಾರು ಇದಕ್ಕಿಂತ ಕೆಟ್ಟದು," ಎಂದರು, ಅಚ್ಚ ಕನ್ನಡದಲ್ಲಿ.

ನಕ್ಕೆ. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕೆ. ಆಮೇಲೆ ಅವರು ಕುಡಿದಾಗ ನಾನು, ನಾನು ಕುಡಿದಾಗ ಅವರು, ಹೀಗೆ ಸರದಿಯ ಮೇಲೆ ಬಾಟಲಿ ಮುಗಿಸಿದೆವು. ಅವರಿಗೆ ಏನು ಕಾಯಿಲೆ ಎಂದು ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ. ಆ ವರ್ಷ ನನ್ನ ಹೊಟ್ಟೆನೋವನ್ನು ಪ್ರಶ್ನೆ ಮಾಡದೆ ಒಪ್ಪಿಕೊಂಡ ಮೊದಲ ಮನುಷ್ಯ ಅವರು.

ಸ್ಕ್ಯಾನ್ ಮುಗಿಸಿ ನಾನೂ ಮಹೇಶನೂ ಕೂತಿದ್ದಾಗ ಒಳಗಿನ ಡಾಕ್ಟರು ತಾವೇ ಎದ್ದು ಬಂದರು. ಯಾರನ್ನೂ ಕೂಗದೆ ನೇರವಾಗಿ ನಮ್ಮ ಹತ್ತಿರ ಬಂದು, "ಸಣ್ಣ ಕರುಳಿನಲ್ಲಿ ಒಂದು ಗಡ್ಡೆ ಕಾಣ್ತಿದೆ," ಎಂದರು.

ಆಗ ನನಗೆ ಮೊದಲು ಬಂದದ್ದು ಭಯವಲ್ಲ. ಗೆಲುವು. ಇದೆ! ಇದೆಯಂತೆ! ಚಪ್ಪರದಲ್ಲಿ ನಕ್ಕವರನ್ನೆಲ್ಲ ಕರೆದು ತೋರಿಸಬೇಕು ಅನ್ನಿಸಿತು. ಭಯ ಆಮೇಲೆ ಬಂತು, ಮಹೇಶನ ಮುಖ ನೋಡಿದಾಗ. ಅವನು ಕಾರು ಸರಿಯಾಗಿ ನಿಲ್ಲಿಸಿದ್ದೇನಾ ನೋಡಿ ಬರುತ್ತೇನೆ ಎಂದು ಹೋದವನು ಕಣ್ಣು ಕೆಂಪು ಮಾಡಿಕೊಂಡು ಬಂದ.

ಕರುಳಿನ ಒಂದು ಭಾಗ ಕತ್ತರಿಸಿ ಉಳಿದದ್ದನ್ನು ಜೋಡಿಸಿದರು. ಪಕ್ಕದ ಕೆಲವು ದುಗ್ಧಗ್ರಂಥಿಗಳಿಗೂ ಅದು ಹರಡಿತ್ತು, ಅವನ್ನೂ ತೆಗೆದರು. ನಿಧಾನವಾಗಿ ಬೆಳೆಯುವ ಜಾತಿಯ ಗಡ್ಡೆ, ಸ್ಕ್ಯಾನ್ ಮಾಡಿಸಿಕೊಳ್ಳುತ್ತಾ ಇರಬೇಕು ಎಂದರು. ಮೊದಲ ಸಲವೇ ಡೈ ಹಾಕಿ ನೋಡಿದ್ದರೆ ಇಷ್ಟು ಹರಡುವ ಮೊದಲೇ ಸಿಗುತ್ತಿತ್ತೇ ಎಂದು ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿದೆ. "ಹೇಳಕ್ಕಾಗಲ್ಲಮ್ಮ. ಸಿಕ್ತಿತ್ತೋ ಏನೋ," ಎಂದರು. ಒಳ್ಳೆಯ ಡಾಕ್ಟರು, ಸುಳ್ಳು ಹೇಳಲಾರರು. ಆದರೆ ಆ "ಹೇಳಕ್ಕಾಗಲ್ಲ" ಎನ್ನುವುದನ್ನು ಹಿಡಿದುಕೊಂಡು ನಾನು ಏನು ಮಾಡಲಿ? ಸೇಡಿಗೆ ಖಾತ್ರಿ ಬೇಕು.

ಭಾವ ಆಸ್ಪತ್ರೆಗೆ ಬಂದು ಮಂಚದ ಕಾಲಿನ ಹತ್ತಿರ ನಿಂತು, "ಎಲ್ಲಾ ದೇವ್ರಾಟ ಕಣವ್ವ," ಎಂದರು. ಕೌಂಟರಿನ ಹತ್ತಿರ ದೇವರು ನಿಂತಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಹೊಲಿಗೆ ಎಳೆಯುತ್ತಿತ್ತು. ಅಲ್ಲೇ ಒಂದು ನಿರ್ಧಾರ ಮಾಡಿದೆ. ಚಪ್ಪರದಲ್ಲಿ ಅಂದ ಮಾತನ್ನು ಇವರು ಚಪ್ಪರದಲ್ಲೇ, ಅದೇ ಹೆಂಗಸರ ಮುಂದೆ ವಾಪಸ್ ತೆಗೆದುಕೊಳ್ಳಬೇಕು. ಮನೆಯೊಳಗೆ ಹೇಳಿದರೆ ಲೆಕ್ಕಕ್ಕಿಲ್ಲ. ಅದಾಗುವ ತನಕ ನನಗೆ ವಾಸಿಯಾಗಿಲ್ಲ.

ಅವಕಾಶ ಮುಂದಿನ ವರ್ಷದ ಸೊಪ್ಪಿನ ಕಾಲಕ್ಕೆ ಬಂತು. ಭಾವನಿಗೆ ಮೇಲ್ಹೊಟ್ಟೆಯಲ್ಲಿ ನೋವು, ಬೆನ್ನಿಗೆ ಇರಿಯುತ್ತಿತ್ತು. ಡಾಕ್ಟರು ಡೈ ಹಾಕಿ ಸ್ಕ್ಯಾನ್ ಮಾಡಿಸಲೇಬೇಕು ಎಂದಿದ್ದರು. ಜಯಕ್ಕ ನನ್ನ ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತಳು.

"ಅವ್ರು ಊಟ ಬುಟ್ಟವ್ರೆ ಕಣೇ, ಭಯಕ್ಕೆ. ನೀನು ಜೊತೇಲಿ ಬತ್ತೀಯಾ ಕೇಳು ಅಂದ್ರು. ಈ ಮನೇಲಿ ಅದು ಗೊತ್ತಿರೋಳು ನೀನೊಬ್ಬಳೇ."

"ಅವರೇ ಬಂದು ಕೇಳಲಿ."

ಬಂದರು. ಬಾಗಿಲಲ್ಲೇ ನಿಂತರು. ನಾನು ಏಳಲಿಲ್ಲ.

"ಬರ್ತೀನಿ ಭಾವ. ಆದರೆ ಹೋಗಿ ಬಂದ ಮೇಲೆ ಚಪ್ಪರದಲ್ಲಿ ಎಲ್ಲರ ಮುಂದೆ ಹೇಳಬೇಕು. ಹೋದ ವರ್ಷ ನನ್ನ ಬಗ್ಗೆ ಅಂದದ್ದು ತಪ್ಪು ಅಂತ."

"ಏನಂದಿದ್ದೆ?"

ಹೇಳಿದೆ. ಒಂದೊಂದು ಪದವನ್ನೂ ಹೇಳಿದೆ. ಅವರು ನೆಲ ನೋಡಿದರು. "ಆಯ್ತು ಕಣವ್ವ," ಎಂದರು. ಭಯದಲ್ಲಿರುವವರಿಂದ ಮಾತು ತೆಗೆದುಕೊಳ್ಳಬಾರದು ಎಂದು ಗೊತ್ತಿತ್ತು. ತೆಗೆದುಕೊಂಡೆ.

ಹೀಗೆ ನಾವು ಮೊದಲು ಹೇಳಿದ ಆ ಸ್ಕ್ಯಾನಿಗೆ ಹೋದದ್ದು. ಮೇದೋಜೀರಕ ಗ್ರಂಥಿ ಊದಿಕೊಂಡಿದೆ, ಔಷಧಿಗೆ ಬಗ್ಗುತ್ತದೆ ಎಂದರು. ಕಿಡ್ನಿ ಹೋಗಲಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲಿದ್ದು, ಗಂಜಿ ಕುಡಿದು ಚೇತರಿಸಿಕೊಂಡರು. ಚಪ್ಪರದ ಕಡೆ ಮಾತ್ರ ಹೋಗಲಿಲ್ಲ. ನಾನು ದಿನಾ ಬೆಳಿಗ್ಗೆ ಅವರಿಗೆ ಗಂಜಿ ಕೊಡುವಾಗ, "ಇವತ್ತು ಸೊಪ್ಪು ಕಟ್ಟಕ್ಕೆ ಬಂದಿದ್ದಾರೆ ಭಾವ," ಎನ್ನುತ್ತಿದ್ದೆ. ಒಂದು ದಿನ ಅವರು ಲೋಟ ಕೆಳಗಿಟ್ಟು, ಟವೆಲ್ ಹೆಗಲ ಮೇಲೆ ಹಾಕಿಕೊಂಡು ಎದ್ದರು. ನಾನೂ ಜಯಕ್ಕನೂ ಹಿಂದೆ ಹೋದೆವು.

ಹೆಂಗಸರ ಕೈಗಳೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪಗಾಗಿದ್ದವು. ಕಟ್ಟುವವರ ಗುಂಪಿಗೆ ಹಿರಿಯಳಾದ ದೊಡ್ಡತಾಯಮ್ಮ ಕಂಬದ ಪಕ್ಕ ಕೂತಿದ್ದಳು. ಭಾವ ಗಂಟಲು ಸರಿಮಾಡಿಕೊಂಡರು.

"ಓದ್ ವರ್ಸ... ನಮ್ ಚಿಕ್ಕೋಳ್ಗೆ ಸೊಪ್ಪು ಮುಟ್ಟಕ್ಕೆ ಅಸಯ್ಯ, ಅದ್ಕೇ ಒಟ್ಟೆ ನೋವು ಅಂತ ನಾನು ಇಲ್ಲಿ ಅಂದಿದ್ನಲ್ಲ. ಅದು ತೆಪ್ಪು. ಅವಳ್ಗೆ ಒಳ್ಗೆ ನಿಜ್ವಾಗ್ಲೂ ಗಡ್ಡೆ ಇತ್ತು."

ದೊಡ್ಡತಾಯಮ್ಮ ಕಡ್ಡಿಯಿಂದ ತಲೆ ಎತ್ತಿದಳು.

"ನೀನ್ಯಾವಾಗ ಅಂದ್ಯಪ್ಪಾ ಅದ್ನ? ಅಂದೋಳು ನಾನು. ಅವತ್ತು ನೀನಿಲ್ಲಿ ಇರ್ಲೇ ಇಲ್ಲ, ಸೌದೆ ತರಕ್ಕೆ ಪಿರಿಯಾಪಟ್ಣಕ್ಕೋಗಿದ್ದೆ."

ಎಲೆಅಡಿಕೆಯಲ್ಲಿ ಗಡುಸಾದ, ಗಂಡಸಿನಂಥ ದನಿ ಅವಳದು. ಗೋಡೆಯ ಈಚೆಗೆ ನಿಂತು ಕೇಳಿದ ಮಾತನ್ನು ಅವಳ ಬಾಯಲ್ಲಿಟ್ಟು ನೋಡಿದೆ. ಸರಿಯಾಗಿ ಕೂತಿತು. ಭಾವನ ಬಾಯಲ್ಲಿಟ್ಟು ನೋಡಿದೆ. ಅಲ್ಲೂ ಕೂತಿತು. ಇಷ್ಟು ದಿನ ಸಾಕಿಕೊಂಡು ಬಂದ ನೆನಪು ಯಾರ ಮುಖಕ್ಕಾದರೂ ಹೊಂದಿಕೊಳ್ಳುವಂಥದ್ದು.

ಭಾವ ನನ್ನ ಕಡೆ ನೋಡಿದರು. ಈಗ ಅವರು ನನ್ನನ್ನು ಎಲ್ಲರ ಮುಂದೆ ಸುಳ್ಳಿ ಮಾಡಬಹುದಿತ್ತು.

"ಓಗ್ಲಿ ಬುಡು ಅಮ್ಮಯ್ಯ," ಎಂದರು ದೊಡ್ಡತಾಯಮ್ಮನಿಗೆ. "ನಾನೂ ಎಲ್ಲೋ ಅಂದಿರ್ತೀನಿ."

ಹೆಂಗಸರು ಲೊಚಗುಟ್ಟಿದರು. ಎಂಥಾ ಮನುಷ್ಯ ನೋಡು ಎನ್ನುವ ಲೊಚಗುಟ್ಟುವಿಕೆ. ಒಂದೇ ಮಾತಿನಲ್ಲಿ ಅವರು ದೊಡ್ಡವರಾಗಿಬಿಟ್ಟರು, ನಾನು ಕಾಯಿಲೆ ಮನುಷ್ಯನನ್ನು ಎಳೆದು ತಂದು ನಿಲ್ಲಿಸಿದ ಸೊಸೆಯಾದೆ. ಇದಕ್ಕೂ ನಾನು ಅವರನ್ನು ಕ್ಷಮಿಸುವುದಿಲ್ಲ. ಮನೆಗೆ ಹೊರಡಲು ಅವರು ತಿರುಗಿದಾಗ ದಾರಿಗೆ ಅಡ್ಡ ನಿಂತೆ.

"ಭಾವ, ಸ್ಕ್ಯಾನಿಂಗ್ ಸೆಂಟರಲ್ಲಿ ನನಗೆ ಡೈ ಬೇಡ ಅಂದದ್ದು ಯಾರು?"

ಜಯಕ್ಕ ನನ್ನ ಸೆರಗು ಎಳೆದಳು. ನಾನು ಅಲ್ಲಾಡಲಿಲ್ಲ. ಭಾವ ಟವೆಲಿನಿಂದ ಬಾಯಿ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ಅದು ನಾನೇ ಕಣವ್ವ," ಎಂದರು, ನನಗೆ ಮಾತ್ರ ಕೇಳಿಸುವ ಹಾಗೆ. "ನಿನ್ನ ಒಂದು ಮಾತು ಕೇಳ್ಬೇಕಾಗಿತ್ತು."

"ಆ ಕೊನೇಲಿ ಕೂತಿರೋರಿಗೆ ಕೇಳಿಸಲಿಲ್ಲ ಭಾವ," ಎಂದೆ. "ಇನ್ನೊಂದ್ಸಲ ಹೇಳಿ."